ಬೀರುವಿನೊಳಗಿನ ಭಯ

(ವಾಚನಾಲಯವೊಂದರ ತಿಂಗಳ ಕೂಟದಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಈ ಕೂಟದಲ್ಲಿ ನಾನು ಕುಮಾರವ್ಯಾಸನ ಬಗ್ಗೆ ಮಾತಾಡಿದ್ದೇನೆ, ರಸಸಿದ್ಧಾಂತದ ಬಗ್ಗೆಯೂ ಮಾತಾಡಿದ್ದೇನೆ. ಈ ಸಲ ವಿಡಿಯೊ ಗೇಮ್ ಒಂದರ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಅವರ ಅನುಮಾನ ಸಹಜವೇ. ಅರವತ್ತಾರು ವರ್ಷದ ಮೇಷ್ಟರಿಗೂ ಆ ಸದ್ದುಗದ್ದಲದ ಆಟಕ್ಕೂ ಎತ್ತಣ ಸಂಬಂಧ? ಆದರೆ ನನ್ನ ಮಾತು ಕೊನೆಗೆ ರಸಸಿದ್ಧಾಂತದ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ದಯವಿಟ್ಟು ತಾಳ್ಮೆಯಿಂದಿರಿ.

ನನ್ನ ಮೊಮ್ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ರಜೆಯಲ್ಲಿ ಮನೆಗೆ ಬಂದಾಗ ತನ್ನ ಪ್ಲೇಸ್ಟೇಷನ್ ಪೆಟ್ಟಿಗೆಯನ್ನೂ ಹೊತ್ತು ತಂದ. ರಾತ್ರಿ ಹಜಾರದ ದೀಪ ಆರಿಸಿ ಆಡುತ್ತಾ ಕೂತ. ಅವನ ಹೆಗಲ ಮೇಲಿಂದ ಇಣುಕಿ ನೋಡಿ, 'ಇದರಲ್ಲಿ ಏನಿದೆಯೋ, ಬರೀ ಕತ್ತಲೆ' ಅಂದೆ. ಅವನು ಆ ಗುಂಡಿಗಳ ಹಿಡಿಯನ್ನು ನನ್ನ ಕೈಗೆ ಕೊಟ್ಟು, 'ಅಜ್ಜ, ಹತ್ತು ನಿಮಿಷ ಬದುಕಿ ತೋರಿಸಿ' ಅಂದ. ನಾನು ನಾಲ್ಕು ನಿಮಿಷವೂ ಬದುಕಲಿಲ್ಲ.

ಆಟದ ಹೆಸರು 'ಏಲಿಯನ್: ಐಸೊಲೇಷನ್'. 2014ರ ಅಕ್ಟೋಬರ್‌ನಲ್ಲಿ ಬಂದದ್ದು. ದಕ್ಷಿಣ ಇಂಗ್ಲೆಂಡಿನ ಹಾರ್ಶಮ್ ಎಂಬ ಊರಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ಇದನ್ನು ತಯಾರಿಸಿತು, ಜಪಾನಿನ ಸೇಗಾ ಪ್ರಕಟಿಸಿತು. ಅದುವರೆಗೆ ಆ ಸಂಸ್ಥೆ ಹೆಸರಾಗಿದ್ದುದು ಚದುರಂಗದಂತೆ ಸೈನ್ಯಗಳನ್ನು ನಡೆಸುವ ಯುದ್ಧದ ಆಟಗಳಿಗೆ. ಸಾವಿರಾರು ಸೈನಿಕರನ್ನು ಮೇಲಿನಿಂದ ನೋಡುವ ಆಟ ಮಾಡುತ್ತಿದ್ದವರು ಒಬ್ಬಳೇ ಹೆಂಗಸು ಕತ್ತಲಲ್ಲಿ ಅವಿತು ಕೂರುವ ಆಟ ಮಾಡಿದರು ಎಂಬುದೇ ಒಂದು ಸೋಜಿಗ.

ಇದರ ಮೂಲ ಒಂದು ಸಿನಿಮಾ. 1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ 'ಏಲಿಯನ್'. ಅದೇ ವರ್ಷ ನಮ್ಮಲ್ಲಿ 'ನಾ ನಿನ್ನ ಬಿಡಲಾರೆ' ಬಂದಿತ್ತು. ಅದನ್ನು ನೋಡಿ ಹಾಸ್ಟೆಲ್ಲಿಗೆ ನಡೆದು ಬರುವಾಗ ನಾವು ನಾಲ್ವರು ಹುಡುಗರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು. ಅಲ್ಲಿ ಕಾಡುವುದು ಪ್ರೇತ. ಇಲ್ಲಿ ಕಾಡುವುದು ಪ್ರಾಣಿ. 'ನಾಸ್ಟ್ರೋಮೊ' ಎಂಬ ಸರಕು ಸಾಗಿಸುವ ಅಂತರಿಕ್ಷ ನೌಕೆ, ಅದರಲ್ಲಿ ಏಳು ಜನ ನೌಕರರು. ಯಾವುದೋ ಗ್ರಹಕಾಯದಿಂದ ಒಳ ಸೇರಿದ ಜೀವಿಯೊಂದು ಒಬ್ಬೊಬ್ಬರನ್ನೇ ಕೊಲ್ಲುತ್ತದೆ. ಉಳಿಯುವುದು ಎಲೆನ್ ರಿಪ್ಲಿ ಎಂಬ ಅಧಿಕಾರಿ ಮತ್ತು ಒಂದು ಬೆಕ್ಕು. ಆ ಜೀವಿಯ ರೂಪವನ್ನು ಕಲ್ಪಿಸಿದವರು ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್. ಅದರ ವೇಷ ಹಾಕಿದವರು ಬೊಲಾಜಿ ಬಡೇಜೊ ಎಂಬ ಬಹು ಎತ್ತರದ ನೈಜೀರಿಯಾದ ತರುಣ. ಇಡೀ ಚಿತ್ರದಲ್ಲಿ ಅದು ತೆರೆಯ ಮೇಲೆ ಕಾಣುವುದು ಕೆಲವೇ ನಿಮಿಷ. ನಮ್ಮ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಮೊದಲು ತೆರೆಯ ಹಿಂದೆ ಆರ್ಭಟಿಸುತ್ತದಲ್ಲ, ಆಗ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತವಲ್ಲ, ಆ ಗುಟ್ಟು ಅವರಿಗೂ ಗೊತ್ತಿತ್ತು.

ಮಗಳ ಕಥೆ

ಆಟ ನಡೆಯುವುದು ಸಿನಿಮಾದ ಘಟನೆಗಳಾದ ಹದಿನೈದು ವರ್ಷಗಳ ಮೇಲೆ, ಕ್ರಿ.ಶ. 2137ರಲ್ಲಿ. ಎಲೆನ್ ರಿಪ್ಲಿ ಮನೆಗೆ ಮರಳಲಿಲ್ಲ. ಅವಳ ಮಗಳು ಅಮಾಂಡಾ ಈಗ ತರುಣಿ, ಯಂತ್ರ ರಿಪೇರಿ ಬಲ್ಲ ಕೆಲಸಗಾರ್ತಿ. ಕಾಣೆಯಾದ ನಾಸ್ಟ್ರೋಮೊ ನೌಕೆಯ ದಾಖಲೆ ಪೆಟ್ಟಿಗೆ ಸಿಕ್ಕಿದೆ, ಅದು 'ಸೆವಾಸ್ಟೋಪೋಲ್' ಎಂಬ ಅಂತರಿಕ್ಷ ನಿಲ್ದಾಣದಲ್ಲಿದೆ ಎಂಬ ಸುದ್ದಿ ಬರುತ್ತದೆ. ಅಮ್ಮನಿಗೆ ಏನಾಯಿತು ಎಂದು ತಿಳಿಯಲು ಅವಳು ಹೊರಡುತ್ತಾಳೆ. ಆ ಅಮಾಂಡಾಳೇ ನಾವು. ಅವಳ ಕಣ್ಣಿನಿಂದಲೇ ಎಲ್ಲವನ್ನೂ ನೋಡಬೇಕು.

ಹೋಗಿ ನೋಡಿದರೆ ನಿಲ್ದಾಣ ಪಾಳು ಬಿದ್ದಿದೆ. ಅದನ್ನು ನಡೆಸುತ್ತಿದ್ದ ಕಂಪನಿ ನಷ್ಟದಲ್ಲಿ ಬಾಗಿಲು ಮುಚ್ಚಲು ಹೊರಟಿತ್ತು. ಜನ ಗೋಡೆಗಳ ಮೇಲೆ ಸಿಟ್ಟಿನ ಮಾತು ಬರೆದಿದ್ದಾರೆ, ಪೆಟ್ಟಿಗೆಗಳನ್ನು ಕಟ್ಟಿಟ್ಟಿದ್ದಾರೆ, ಕೊಂಡೊಯ್ಯಲಾಗದೆ ಹೋಗಿದ್ದಾರೆ. ಉಳಿದ ಕೆಲವರು ಕೈಗೆ ಸಿಕ್ಕ ಬಂದೂಕು ಹಿಡಿದು ಒಬ್ಬರನ್ನೊಬ್ಬರು ನಂಬದೆ ಗುಂಪು ಕಟ್ಟಿಕೊಂಡಿದ್ದಾರೆ. ರಬ್ಬರ್ ಮುಖದ ಯಂತ್ರಮಾನವರು ಓಡಾಡುತ್ತಾರೆ. ಅವು ಬಲು ವಿನಯವಾಗಿ ಮಾತಾಡುತ್ತಲೇ ಕತ್ತು ಹಿಸುಕುತ್ತವೆ. ಇವೆಲ್ಲದರ ನಡುವೆ ಆ ಪ್ರಾಣಿ.

ನಿಲ್ದಾಣದಲ್ಲಿರುವ ಸಾಮಾನುಗಳನ್ನು ನೋಡಿದರೆ ನಮ್ಮ ತಲೆಮಾರಿನವರಿಗೆ ಒಂದು ಬಗೆಯ ಅಕ್ಕರೆ ಹುಟ್ಟುತ್ತದೆ. ದಪ್ಪ ಗಾಜಿನ ಮಾನಿಟರು, ಹಸಿರು ಅಕ್ಷರ, ಟೇಪಿನ ಸುರುಳಿ, ಟಕ್ಕೆಂದು ಒತ್ತುವ ಗುಂಡಿ. 1979ರಲ್ಲಿ ಜನ ಊಹಿಸಿದ್ದ ಭವಿಷ್ಯವನ್ನೇ ತೋರಿಸಬೇಕು, ಆ ಕಾಲದ ಕಣ್ಣಿಗೆ ನಿಲುಕದ್ದು ಯಾವುದೂ ಇರಬಾರದು ಎಂದು ತಯಾರಕರು ನಿಯಮ ಹಾಕಿಕೊಂಡಿದ್ದರು. ಪರದೆಯ ಮೇಲೆ ಕಾಣುವ ಚಿತ್ರಗಳನ್ನು ವಿ.ಎಚ್.ಎಸ್. ಕ್ಯಾಸೆಟ್ಟಿಗೆ ಇಳಿಸಿ, ಹಳೆಯ ಟಿ.ವಿ.ಯಲ್ಲಿ ಓಡಿಸಿ, ಆ ನಡುಕ ಮತ್ತು ಗೀರುಗಳ ಸಮೇತ ಮತ್ತೆ ಸೆರೆ ಹಿಡಿದರು. ಸಿನಿಮಾ ಕಂಪನಿಯ ಕಡತಗಳಿಂದ ಮೂಲ ರೇಖಾಚಿತ್ರ, ಛಾಯಾಚಿತ್ರಗಳನ್ನು ರಾಶಿಗಟ್ಟಲೆ ತರಿಸಿ ಅಭ್ಯಾಸ ಮಾಡಿದರು. ಹಳೆಯ ಹಸ್ತಪ್ರತಿಗಳ ನಡುವೆ ಕೂತ ಸಂಪಾದಕನ ಶ್ರದ್ಧೆ ಅದು ಎಂದರೆ ತಪ್ಪಿಲ್ಲ.

ಓಡಬೇಡ, ಅಡಗು

ಈ ಬಗೆಯ ಆಟಗಳಿಗೆ ಇಂಗ್ಲಿಷಿನಲ್ಲಿ 'ಸರ್ವೈವಲ್ ಹಾರರ್' ಎನ್ನುತ್ತಾರೆ. ಬದುಕಿ ಉಳಿಯುವುದೇ ಗುರಿಯಾದ ಭಯದ ಆಟ. ಇದರ ವಂಶಾವಳಿ ದೊಡ್ಡದೇ ಇದೆ. 1980ರ ದಶಕದ ಆರಂಭದಲ್ಲಿ, ಇಂದಿನ ಫೋನಿನ ಒಂದು ಚಿತ್ರಕ್ಕೂ ಸಾಲದ 16 ಕಿಲೋಬೈಟ್ ನೆನಪಿನ ಶಕ್ತಿಯಲ್ಲಿ, ಮಾಲ್ಕಂ ಇವಾನ್ಸ್ ಎಂಬ ಇಂಗ್ಲಿಷ್ ತಂತ್ರಜ್ಞ ಒಂದು ಚಕ್ರವ್ಯೂಹದಲ್ಲಿ ಡೈನೋಸಾರ್ ಬೆನ್ನಟ್ಟುವ ಆಟ ಬರೆದಿದ್ದ. 1992ರಲ್ಲಿ ಫ್ರಾನ್ಸಿನಿಂದ 'ಅಲೋನ್ ಇನ್ ದ ಡಾರ್ಕ್' ಬಂತು. 1996ರಲ್ಲಿ ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯ 'ರೆಸಿಡೆಂಟ್ ಈವಿಲ್' ಆ ಹೆಸರನ್ನೇ ಮನೆಮಾತಾಗಿಸಿತು. ಅಲ್ಲಿ ಗುಂಡುಗಳು ಕಡಿಮೆ. ಆಟವನ್ನು ಉಳಿಸಿಡಲು ಟೈಪ್‌ರೈಟರ್ ರಿಬ್ಬನ್ ಬೇಕು, ಅದೂ ಎಣಿಸಿದಷ್ಟೇ. ಅಂತರಿಕ್ಷಕ್ಕೆ ಈ ಭಯವನ್ನು ಕೊಂಡೊಯ್ದವುಗಳಲ್ಲಿ 1999ರ 'ಸಿಸ್ಟಂ ಶಾಕ್ 2', 2008ರ 'ಡೆಡ್ ಸ್ಪೇಸ್' ಮುಖ್ಯವಾದವು. ಮಿಕ್ಕ ಆಟಗಳು ಆಡುವವನಿಗೆ ಬಲವನ್ನು ಕೊಡುತ್ತಾ ಹೋದರೆ, ಇವು ಬಲವನ್ನು ಕಸಿಯುತ್ತಾ ಹೋಗುತ್ತವೆ.

ನಾನು ಆಡಿದ ಆಟದಲ್ಲಂತೂ ಆ ಪ್ರಾಣಿಯನ್ನು ಕೊಲ್ಲುವ ದಾರಿಯೇ ಇಲ್ಲ. ಬೆಂಕಿ ಉಗುಳುವ ಯಂತ್ರ ಸಿಗುತ್ತದೆ. ಅದು ಪ್ರಾಣಿಯನ್ನು ಸ್ವಲ್ಪ ಹೊತ್ತು ಓಡಿಸುತ್ತದೆ, ಅಷ್ಟೆ. ಓಡಿದರೆ ಹೆಜ್ಜೆ ಸದ್ದು ಕೇಳಿ ಬರುತ್ತದೆ. ಆದ್ದರಿಂದ ಮೇಜಿನ ಕೆಳಗೆ ತೂರಬೇಕು, ಇಲ್ಲವೇ ಗೋಡೆಗೆ ಒರಗಿದ ಕಬ್ಬಿಣದ ಬೀರುವಿನೊಳಗೆ ಹೋಗಿ ಬಾಗಿಲೆಳೆದುಕೊಳ್ಳಬೇಕು. ಬೀರುವಿನ ಸಂದಿಯಿಂದ ಅದರ ಉದ್ದನೆಯ ತಲೆ ಕಾಣುತ್ತದೆ. ಹತ್ತಿರ ಬಂದು ಮೂಸುತ್ತದೆ. ಆಗ ಗುಂಡಿ ಒತ್ತಿ ಅಮಾಂಡಾಳ ಉಸಿರು ಬಿಗಿ ಹಿಡಿಸಬೇಕು. ಬಹಳ ಹೊತ್ತು ಹಿಡಿದರೆ ಅವಳ ಜೀವವೇ ಕುಗ್ಗುತ್ತದೆ, ಬಿಟ್ಟರೆ ಅದು ಎಳೆದು ಹಾಕುತ್ತದೆ. ಮೊದಲ ದಿನ ನನಗೆ ತಿಳಿಯದಂತೆ ನಾನೂ ಉಸಿರು ಹಿಡಿದಿದ್ದೆ. ಮೊಮ್ಮಗ ಬೆನ್ನು ತಟ್ಟಿ, 'ಅಜ್ಜ, ನೀವು ಬಿಡಬಹುದು' ಎಂದಾಗಲೇ ಗೊತ್ತಾದದ್ದು.

ಅಮಾಂಡಾಳ ಕೈಯಲ್ಲಿ ಒಂದು ಉಪಕರಣವಿದೆ. ಸುತ್ತ ಏನಾದರೂ ಚಲಿಸಿದರೆ ಅದು ಬೀಪ್ ಎನ್ನುತ್ತದೆ, ಸಣ್ಣ ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಹತ್ತಿರವಾದಷ್ಟೂ ಬೀಪ್ ಬೇಗ ಬೇಗ ಬರುತ್ತದೆ. ಆದರೆ ಆ ಪರದೆಯ ಮೇಲೆ ಕಣ್ಣಿಟ್ಟರೆ ಎದುರಿನದೆಲ್ಲ ಮಸುಕಾಗುತ್ತದೆ. ಸಾಲದ್ದಕ್ಕೆ, ಪ್ರಾಣಿ ಹತ್ತಿರವಿದ್ದರೆ ಆ ಬೀಪ್ ಸದ್ದು ಅದಕ್ಕೂ ಕೇಳಿಸುತ್ತದೆ. ಅಪಾಯ ಎಷ್ಟು ದೂರವಿದೆಯೆಂದು ಹೇಳುವ ಯಂತ್ರವೇ ಅಪಾಯವನ್ನು ಕರೆಯುತ್ತದೆ. ಆಟವನ್ನು ಉಳಿಸಿಡಬೇಕಾದರೂ ಗೋಡೆಯಲ್ಲಿರುವ ತುರ್ತು ಕರೆಯ ಪೆಟ್ಟಿಗೆ ಹುಡುಕಿ, ಕಾರ್ಡು ತೂರಿಸಿ, ಮೂರು ದೀಪ ಒಂದೊಂದಾಗಿ ಹೊತ್ತುವವರೆಗೆ ಬೆನ್ನು ತೋರಿಸಿ ನಿಂತಿರಬೇಕು. ಆ ಕೆಲವೇ ಕ್ಷಣಗಳು ಒಂದು ಯುಗದಂತಿರುತ್ತವೆ.

ಒಂದು ನಗೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಈ ಆಟದಲ್ಲಿ, ಟಿ.ವಿ. ಮೇಲಿಡುವ ಕ್ಯಾಮೆರಾದ ಮೈಕಿನ ಮೂಲಕ ನಮ್ಮ ಕೋಣೆಯ ಸದ್ದು ಕೂಡ ಆ ಪ್ರಾಣಿಗೆ ಕೇಳಿಸುವಂತೆ ಮಾಡಬಹುದು. ಮೊಮ್ಮಗ ನನಗೆ ಹೇಳದೆಯೇ ಆ ಸೌಲಭ್ಯವನ್ನು ಚಾಲೂ ಮಾಡಿದ್ದ. ನಾನು ಮೇಜಿನಡಿ ಅವಿತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು. ಮುಂದಿನದನ್ನು ನೀವೇ ಊಹಿಸಿ. ನಾನು ಕಿರುಚಿದ್ದಕ್ಕೆ ನನ್ನ ಹೆಂಡತಿ ಓಡಿಬಂದು ನೋಡಿ, 'ಸರಿ ಹೋಯ್ತು, ಬೇಳೆ ಬೇಯಿಸೋದಕ್ಕೂ ಇನ್ನು ನಿಮ್ಮ ಅಪ್ಪಣೆ ಬೇಕೇನು?' ಎಂದಳು.

ತೆರೆಮರೆಯ ಸೂತ್ರಧಾರ

ಆ ಪ್ರಾಣಿ ಎಲ್ಲಿಂದ, ಯಾವಾಗ ಬರುತ್ತದೆಂದು ಬಾಯಿಪಾಠ ಮಾಡಲು ಬರುವುದಿಲ್ಲ. ಹೆಚ್ಚಿನ ಆಟಗಳಲ್ಲಿ ಶತ್ರುವಿನ ದಾರಿ ಮೊದಲೇ ಗೆರೆ ಎಳೆದಂತಿರುತ್ತದೆ. ಇಲ್ಲಿ ಹಾಗಿಲ್ಲ. ಇದರ ಒಳಗುಟ್ಟನ್ನು ತಯಾರಕರೇ ಮುಂದೆ ವಿವರಿಸಿದ್ದಾರೆ. ಇಲ್ಲಿ ಎರಡು ಬುದ್ಧಿಗಳು ಕೆಲಸ ಮಾಡುತ್ತವೆ. ಒಂದು, ಪ್ರಾಣಿಯ ಬುದ್ಧಿ. ಅದಕ್ಕೆ ನೀವೆಲ್ಲಿದ್ದೀರಿ ಎಂಬುದು ತಿಳಿಯದು. ಕಂಡದ್ದು, ಕೇಳಿದ್ದರ ಮೇಲೆ ಅದು ಹುಡುಕಬೇಕು. ಆಟ ಮುಂದುವರಿದಂತೆ ಅದರ ಹುಡುಕುವ ಚಾತುರ್ಯಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಅದು ಕಲಿಯುತ್ತಿದೆ ಎಂದೇ ನಮಗೆ ಅನ್ನಿಸುತ್ತದೆ. ಇನ್ನೊಂದು ಮೇಲಿನ ಬುದ್ಧಿ. ಅವರು ಅದನ್ನು ನಿರ್ದೇಶಕ ಎನ್ನುತ್ತಾರೆ. ಅದಕ್ಕೆ ಇಬ್ಬರ ಸ್ಥಳವೂ ಗೊತ್ತು. ಆದರೆ ಅದು ಚಾಡಿ ಹೇಳುವುದಿಲ್ಲ. 'ಆ ಕಡೆ ಹೋಗಿ ನೋಡು' ಎಂದು ಪ್ರಾಣಿಗೆ ಸುಳಿವಷ್ಟೇ ಕೊಡುತ್ತದೆ.

ಇನ್ನೂ ಸ್ವಾರಸ್ಯದ ಮಾತಿದೆ. ನಿಮ್ಮ ಮೇಲಿನ ಒತ್ತಡವನ್ನು ಆ ನಿರ್ದೇಶಕ ಅಳೆಯುತ್ತಿರುತ್ತಾನೆ. ಪ್ರಾಣಿ ಎಷ್ಟು ಹತ್ತಿರವಿದೆ, ನಿಮ್ಮ ಕಣ್ಣಿಗೆ ಎಷ್ಟು ಬಿದ್ದಿದೆ ಎಂದು ಲೆಕ್ಕ ಇಡುತ್ತಾನೆ. ಆ ಅಳತೆ ತುಂಬಿ ಬಂದಾಗ ಪ್ರಾಣಿಯನ್ನು ಛಾವಣಿಯ ಕೊಳವೆಯೊಳಕ್ಕೆ ಕಳಿಸಿಬಿಡುತ್ತಾನೆ. ನಿಮಗೆ ಸ್ವಲ್ಪ ಉಸಿರಾಡಲು ಬಿಡುವು. ಬಳಿಕ ಮತ್ತೆ ಶುರು. ಭಯವನ್ನು ಹೀಗೆ ಏರಿಸಿ ಇಳಿಸಿ ಹದ ಮಾಡದಿದ್ದರೆ ಭಯ ಉಳಿಯುವುದಿಲ್ಲ, ಬರೀ ದಣಿವು ಉಳಿಯುತ್ತದೆ. ನಾಟಕ ಆಡಿಸಿದವರಿಗೆಲ್ಲ ಗೊತ್ತಿರುವ ಮಾತೇ ಇದು.

ಈಗ ರಸದ ಬಾಗಿಲಿಗೆ ಬರುತ್ತೇನೆ. ಭಯಾನಕ ರಸಕ್ಕೆ ಕಾರಣಗಳನ್ನು ಹೇಳುವಾಗ ಭರತ ವಿಕಾರವಾದ ಧ್ವನಿ, ಭೂತದ ದರ್ಶನ, ನರಿ ಗೂಬೆಗಳ ಕೂಗು ಇವುಗಳ ಜೊತೆಗೆ ಶೂನ್ಯಾಗಾರವನ್ನೂ ಹೆಸರಿಸುತ್ತಾನೆ. ಅಂದರೆ ಪಾಳುಮನೆ, ಜನರಿಲ್ಲದ ಮನೆ. ಸೆವಾಸ್ಟೋಪೋಲ್ ನಿಲ್ದಾಣ ಅದಲ್ಲದೆ ಬೇರೇನು? ನಡುಕ, ಬೆವರು, ರೋಮಾಂಚ, ಗಂಟಲು ಕಟ್ಟುವುದು ಎಂದು ಅವನು ಕೊಟ್ಟ ಲಕ್ಷಣಗಳೆಲ್ಲ ಆ ರಾತ್ರಿ ನನ್ನ ಮೈಮೇಲೇ ಇದ್ದವು.

ಆದರೆ ಅಲ್ಲೊಂದು ತೊಡಕಿದೆ. ಕಾಶ್ಮೀರದ ಅಭಿನವಗುಪ್ತ ಭರತನಿಗೆ ವ್ಯಾಖ್ಯಾನ ಬರೆಯುವಾಗ ಭಯಕ್ಕೆ ಉದಾಹರಣೆಯಾಗಿ ಕಾಳಿದಾಸನ ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ದುಷ್ಯಂತನ ರಥ ಬೆನ್ನಟ್ಟಿದಾಗ ಕತ್ತು ತಿರುಗಿಸಿ ನೋಡುತ್ತಾ ಓಡುವ ಜಿಂಕೆ. ಅದನ್ನು ನೋಡುವ ಸಹೃದಯನಿಗೆ 'ನನಗೆ ಭಯ' ಎಂದೂ ಅನ್ನಿಸುವುದಿಲ್ಲ, 'ಇನ್ನಾರಿಗೋ ಭಯ' ಎಂದೂ ಅನ್ನಿಸುವುದಿಲ್ಲ. ದೇಶ ಕಾಲಗಳ ಹಂಗು ಕಳಚಿದ ಬರೀ ಭಯ ಉಳಿಯುತ್ತದೆ, ಆದ್ದರಿಂದ ಅದನ್ನು ಸವಿಯಬಹುದು ಎನ್ನುತ್ತಾನೆ. ಮೂವತ್ತು ವರ್ಷ ಇದನ್ನು ಪಾಠ ಹೇಳಿದವನು ನಾನು. ಆದರೆ ಬೀರುವಿನೊಳಗೆ ಕೂತವನು ಜಿಂಕೆಯನ್ನು ನೋಡುತ್ತಿಲ್ಲ, ತಾನೇ ಜಿಂಕೆ. ಅಲ್ಲಿ ರಸವೆಲ್ಲಿ ಬಂತು? ಬರೀ ಭಯ ತಾನೇ?

ಮೊದಲ ರಾತ್ರಿ ನನಗೆ ಹಾಗೆಯೇ ಅನ್ನಿಸಿತು. ಆ ಹಿಡಿಯನ್ನು ಕೆಳಗಿಟ್ಟು, ಇದು ಕಲೆಯಲ್ಲ, ಹಿಂಸೆ ಎಂದು ಹೇಳಿ ಮಲಗಿದೆ. ನಿದ್ದೆ ಬರಲಿಲ್ಲ. ಕಿವಿಯಲ್ಲಿ ಆ ಬೀಪ್ ಸದ್ದು. ಅದು ನನಗೆ ಹೊಸ ಸದ್ದಾಗಿರಲಿಲ್ಲ ಎಂಬುದು ನಡುರಾತ್ರಿಯ ಹೊತ್ತಿಗೆ ಹೊಳೆಯಿತು.

ಅಣ್ಣನ ಧ್ವನಿ

2021ರ ಮೇ ತಿಂಗಳು ನಿಮಗೆಲ್ಲ ನೆನಪಿದೆ. ನಾವಿಬ್ಬರೂ ಮನೆಯ ಬಾಗಿಲು ಹಾಕಿಕೊಂಡು ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರದ ಅಂಕಿಯನ್ನು ಗಂಟೆಗೊಮ್ಮೆ ನೋಡುತ್ತಿದ್ದೆವು. ತೊಂಬತ್ತಾರು, ತೊಂಬತ್ತೈದು. ಅದನ್ನು ನೋಡಿದಷ್ಟೂ ಭಯ ಹೆಚ್ಚು, ನೋಡದಿದ್ದರೆ ಇನ್ನೂ ಹೆಚ್ಚು. ಹೊರಗೆ ಆಂಬುಲೆನ್ಸ್ ಸದ್ದು ಹತ್ತಿರ ಬಂದಾಗ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದೆವು; ದೂರ ಹೋದಾಗ ನಮ್ಮ ಬೀದಿಯಲ್ಲವೆಂದು ಸಮಾಧಾನ ಪಡುತ್ತಿದ್ದೆವು, ಹಾಗೆ ಪಟ್ಟದ್ದಕ್ಕೆ ನಾಚುತ್ತಿದ್ದೆವು. ನಾವು ಉಳಿದೆವು. ದೂರದ ಊರಿನ ಆಸ್ಪತ್ರೆಯಲ್ಲಿದ್ದ ನನ್ನ ಅಣ್ಣ ಉಳಿಯಲಿಲ್ಲ. ಹೋಗಿ ನೋಡುವಂತಿರಲಿಲ್ಲ. ಕೊನೆಯದಾಗಿ ಅವನು ಫೋನಿಗೆ ಒಂದು ಧ್ವನಿ ಸಂದೇಶ ಕಳಿಸಿದ್ದ. ಬಂದ ದಿನ ಒಮ್ಮೆ ಕೇಳಿದ್ದೆ. ಆಮೇಲೆ ಕೇಳುವ ಧೈರ್ಯ ಬಂದಿರಲಿಲ್ಲ.

ಮರುದಿನ ಮೊಮ್ಮಗನಿಗೆ ನಾನೇ ಹೇಳಿದೆ, 'ಆ ಹುಡುಗಿಗೆ ಅಮ್ಮನ ಸುದ್ದಿ ಸಿಗುತ್ತೋ ಇಲ್ಲವೋ ನೋಡೋಣ, ಹಾಕು.' ಒಟ್ಟು ಮೂರು ವಾರ ಹಿಡಿಯಿತು. ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಆಟ ಬೇಕಾದ್ದಕ್ಕಿಂತ ಉದ್ದವಾಯಿತೆಂದು ಅದು ಬಂದಾಗಲೇ ಕೆಲವು ವಿಮರ್ಶಕರು ದೂರಿದ್ದರು; ಆ ಮಾತು ನನಗೂ ಒಪ್ಪಿಗೆಯೇ. ಆದರೆ ಸಾಯುತ್ತಾ ಸಾಯುತ್ತಾ ಒಂದು ಬದಲಾವಣೆಯಾಯಿತು. ಸತ್ತರೆ ಕೊನೆಯ ದೀಪದ ಪೆಟ್ಟಿಗೆಯ ಮುಂದೆ ಮತ್ತೆ ಎದ್ದು ನಿಲ್ಲುತ್ತೇನೆ. ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತೇನೆ. ಆ ಯೋಚನೆಯ ಹೊತ್ತಿನಲ್ಲಿ ನಾನು ಜಿಂಕೆಯಲ್ಲ, ಜಿಂಕೆಯನ್ನು ನೋಡುವವನು. ಮತ್ತೆ ಬೀರು ಹೊಕ್ಕಾಗ ಜಿಂಕೆ. ಹೀಗೆ ಒಳಗೂ ಹೊರಗೂ ಓಡಾಡುತ್ತಾ ಭಯಕ್ಕೆ ಒಂದು ಆಕಾರ ಬಂತು. ಅಭಿನವಗುಪ್ತ ಹೇಳಿದ ದೂರ ಇಲ್ಲಿ ಉಚಿತವಾಗಿ ಸಿಗುವುದಿಲ್ಲ, ಸತ್ತು ಸತ್ತು ಗಳಿಸಿಕೊಳ್ಳಬೇಕು ಎಂಬುದು ನಾನು ಕಂಡುಕೊಂಡ ಉತ್ತರ. ಪಂಡಿತರು ಒಪ್ಪದಿರಬಹುದು.

ಅಮಾಂಡಾಳ ಕಥೆಯ ಕೊನೆ ಈ ಸಿನಿಮಾಗಳನ್ನು ಬಲ್ಲವರಿಗೆ ಮೊದಲೇ ಗೊತ್ತು. 1986ರಲ್ಲಿ ಬಂದ 'ಏಲಿಯನ್ಸ್' ಎಂಬ ಎರಡನೆಯ ಚಿತ್ರದಲ್ಲಿ, ಮುಂದೆ ಸೇರಿಸಿದ ದೃಶ್ಯವೊಂದಿದೆ. ಐವತ್ತೇಳು ವರ್ಷ ನಿದ್ರೆಯಲ್ಲಿ ತೇಲಿ ಮರಳಿದ ಎಲೆನ್‌ಗೆ ಮಗಳು ತೀರಿಕೊಂಡಳೆಂದು ತಿಳಿಸುತ್ತಾರೆ. ಸಾಯುವಾಗ ಮಗಳಿಗೆ ಅರವತ್ತಾರು ವರ್ಷ. ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಬರುತ್ತೇನೆಂದು ತಾಯಿ ಮಾತು ಕೊಟ್ಟಿದ್ದಳು. ಹಾಗಾಗಿ ಅಮಾಂಡಾ ಎಷ್ಟೇ ಹುಡುಕಿದರೂ ಅಮ್ಮ ಸಿಗುವುದಿಲ್ಲ. ಅಭಿಮನ್ಯು ಹೊರಬರುವುದಿಲ್ಲವೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂತು ಆಟ ನೋಡುವವರು ನಾವು. ನಮಗೆ ಇದು ಹೊಸದಲ್ಲ. ಅಮ್ಮ ಸಿಗುವುದಿಲ್ಲ, ಆದರೆ ಅಮ್ಮ ಮಗಳಿಗಾಗಿ ಬಿಟ್ಟುಹೋದ ಮಾತು ದಾಖಲೆಯಲ್ಲಿ ಸಿಗುತ್ತದೆ. ಎಷ್ಟೋ ಕತ್ತಲೆ ದಾಟಿದ ಮೇಲೆ ಆ ಧ್ವನಿ ಕೇಳಿಸುತ್ತದೆ. ಆಟದಲ್ಲಿ ಆ ಹೊತ್ತಿಗೆ ಒತ್ತಬೇಕಾದ ಗುಂಡಿ ಯಾವುದೂ ಇಲ್ಲ. ಸುಮ್ಮನೆ ಕೇಳಬೇಕು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಣ್ಣನ ಸಂದೇಶ ಕೇಳಿದೆ. ನಲವತ್ತು ಸೆಕೆಂಡು. ವಿಶೇಷವೇನಿಲ್ಲ. ತೋಟದ ಪಂಪಿನ ಬಿಲ್ಲು ಕಟ್ಟಿಬಿಡು ಅಂದಿದ್ದ, ನಾಳೆ ಮಾತಾಡೋಣ ಅಂದಿದ್ದ.

ಗೆಳೆಯರೇ, ಆಟ ನನ್ನನ್ನು ಗುಣಪಡಿಸಿತೆಂದು ನಾನು ಹೇಳುತ್ತಿಲ್ಲ. ಈ ಆಟ ಮಕ್ಕಳಿಗಲ್ಲ. ಯೂರೋಪಿನಲ್ಲಿ ಇದಕ್ಕೆ ಹದಿನೆಂಟರ ಗುರುತು ಹಾಕಿದ್ದಾರೆ, ಅದು ಸರಿಯಾಗಿಯೇ ಇದೆ. ಹುಡುಗರು ಓದು ಬಿಟ್ಟು ರಾತ್ರಿಯೆಲ್ಲ ಆಡಲಿ ಎಂದೂ ನಾನು ಹೇಳುವುದಿಲ್ಲ. ನಾನು ಹೇಳುವುದು ಇಷ್ಟೆ: ನಮಗೆ ತಿಳಿಯದ ಮಾಧ್ಯಮವನ್ನು ಹೆಗಲ ಮೇಲಿಂದ ಇಣುಕಿ ನೋಡಿ ತೀರ್ಪು ಕೊಡುವುದು ಬೇಡ. ಮನೆಯ ಹುಡುಗ ಆಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು ಕೇಳಿ, ಇದರಲ್ಲಿ ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂದು. ನನ್ನ ಮೊಮ್ಮಗ ಆ ಮೂರು ವಾರಗಳಲ್ಲಿ ನನ್ನೊಡನೆ ಆಡಿದಷ್ಟು ಮಾತನ್ನು ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಆಡಿರಲಿಲ್ಲ.

ಕಲೆಯ ಭಯಕ್ಕೂ ಬಾಳಿನ ಭಯಕ್ಕೂ ಇರುವ ವ್ಯತ್ಯಾಸ ನನಗೆ ಈಗ ಸ್ವಲ್ಪ ಸ್ಪಷ್ಟವಾಗಿದೆ. ಕಲೆಯಲ್ಲಿ ಮೇಲೊಬ್ಬ ಸೂತ್ರಧಾರನಿದ್ದಾನೆ. ನಮ್ಮ ಎದೆ ತುಂಬಿತೆಂದು ಕಂಡಾಗ ಪ್ರಾಣಿಯನ್ನು ಒಳಗೆ ಕಳಿಸುತ್ತಾನೆ. 2021ರಲ್ಲಿ ನಮ್ಮ ಬೀದಿಯ ಮೇಲೆ ಅಂಥ ಯಾರೂ ಇರಲಿಲ್ಲ. ಆಗ ನಮಗೆ ಬಿಡುವು ಸಿಕ್ಕಿದ್ದು ಬಾಗಿಲ ಹೊರಗೆ ಅನ್ನದ ಡಬ್ಬಿ ಇಟ್ಟುಹೋದ ಎದುರು ಮನೆಯವರಿಂದ. ಅವರು ಇವತ್ತು ಇಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ನಮಸ್ಕಾರ ಹೇಳಿ ನನ್ನ ಮಾತು ಮುಗಿಸುತ್ತೇನೆ.